ಬಿಷಪ್ಪನ ಸ್ನಾನ

ದುಲೂತ್ ಊರಿನ ಐಸ್ ಹಾಕಿ ಅಂಗಳದಲ್ಲಿ ಮಂಜುಗಡ್ಡೆ ಸಮ ಮಾಡುವ ಯಂತ್ರ ಓಡಿಸುತ್ತಿದ್ದ ವರ್ಲಿನ್ ಹೌಗನ್‌ಗೆ ಐವತ್ತೆಂಟನೇ ವಯಸ್ಸಿಗೆ ಕಂಕಣಬಲ ಕೂಡಿಬಂತು. ಹೆಣ್ಣು ಮಾರ್ಲಿಸ್, ಶಾಲಾ ಬಸ್ಸಿನ ಚಾಲಕಿ. ಅವಳ ಬಳುವಳಿಯಾಗಿ ಬಂದವನು ಬಿಷಪ್. ಮೈಯೆಲ್ಲ ಕಪ್ಪು, ಕೊರಳಿಗೆ ಬಿಳಿ ಪಟ್ಟಿ, ಊರಿನವರ ಪಾಪವೆಲ್ಲ ಬಲ್ಲವನಂಥ ಗಂಭೀರ ಮುಖದ ಬೆಕ್ಕು. ಅವನು ಕೋಣೆಗೆ ಕಾಲಿಟ್ಟರೆ ಸಾಕು, ವರ್ಲಿನ್ನನ ಮೂಗು ನಲ್ಲಿ, ಕಣ್ಣು ಟೊಮೇಟೊ.

"ನನ್ನ ಕೆಟ್ಟ ಕಾಲದಲ್ಲಿ ಜೊತೆಗಿದ್ದವನು ಅವನೊಬ್ಬನೇ. ಬಿಟ್ಟು ಹೇಗಿರಲಿ?" ಎಂದಳು ಮಾರ್ಲಿಸ್.

"ಬಿಡು ಅಂದವರ್ಯಾರು? ಹೋಗಬೇಕಾದ್ದು ಬೆಕ್ಕಲ್ಲ, ಅಲರ್ಜಿ. ನೋಡ್ತಿರು, ಗಂಟುಮೂಟೆ ಕಟ್ಟಿಸ್ತೀನಿ."

ಡಾಕ್ಟರಮ್ಮ ಬಿಡಿಸಿ ಹೇಳಿದರು. "ತಂಟೆ ಕೂದಲಿನದಲ್ಲ, ಎಂಜಲಿನದು. ಬೆಕ್ಕು ಮೈ ನೆಕ್ಕಿಕೊಳ್ಳುತ್ತೆ, ಅದು ಒಣಗಿ ಗಾಳಿಗೆ ಸೇರುತ್ತೆ. ಮಲಗೋ ಕೋಣೆಗೆ ಬಿಡಬೇಡಿ, ಜಮಖಾನ ತೆಗೀರಿ, ಗಾಳಿ ಸೋಸೋ ಯಂತ್ರ ಇಡಿ. ಎಂಜಲಿನ ಕಾಟ ತಗ್ಗಿಸೋ ಬೆಕ್ಕಿನ ಆಹಾರನೂ ಬಂದಿದೆ. ಆದ್ರೆ ನಿಧಾನ, ವಾರಗಟ್ಟಲೆ ಕಾಯಬೇಕು."

ದಿನವಿಡೀ ಆಮೆಯಂತೆ ಯಂತ್ರ ಓಡಿಸುವ ವರ್ಲಿನ್‌ಗೆ ಮನೆಯಲ್ಲಿ ನಿಧಾನ ಆಗಿಬರುತ್ತಿರಲಿಲ್ಲ. ಬೆಳಿಗ್ಗೆ ಮಾರ್ಲಿಸ್ ಬಸ್ಸಿಗೆ ಹೋದದ್ದೇ ತಡ, ಜಮಖಾನ ಸುತ್ತಿ ಅಡುಗೆಮನೆ ಬಾಗಿಲಿನಿಂದ ಅರ್ಧ ಹೊರಗೆ ನೂಕಿದ. ಸ್ನಾನದ ನಿಲುವಂಗಿ ತೊಟ್ಟು, ತೊಟ್ಟಿಗೆ ಬಿಸಿನೀರು ಬಿಟ್ಟು, ಎಂಜಲೆಲ್ಲ ಒಂದೇ ಸಲಕ್ಕೆ ತೊಳೆದುಬಿಡೋಣವೆಂದು ಬಿಷಪ್ಪನಿಗೆ ದೀಕ್ಷಾಸ್ನಾನ ಮಾಡಿಸಲು ಕೂತ.

ಸೋಪು ನೊರೆಯೆದ್ದಿತು. ಕತ್ತಿನವರೆಗೆ ನೆನೆದ ಬಿಷಪ್ ನೀರನ್ನೊಮ್ಮೆ ನೋಡಿದ, ವರ್ಲಿನ್ನನನ್ನೊಮ್ಮೆ ನೋಡಿದ. ಮರುಕ್ಷಣ ಅವನ ಭುಜ ಹತ್ತಿ, ಬೋಳುತಲೆ ದಾಟಿ, ಅಡುಗೆಮನೆ ಹೊಕ್ಕು, ತೆರೆದ ಬಾಗಿಲಿನಿಂದ ಫೆಬ್ರವರಿಯ ಹಿಮಕ್ಕೆ ಹಾರಿದ. ಬೆನ್ನತ್ತಿದ ವರ್ಲಿನ್ ಜಮಖಾನಕ್ಕೆ ಎಡವಿದ. ಜಮಖಾನ ಮೆಟ್ಟಿಲಿಳಿದು ಉರುಳಿತು, ಜೊತೆಗೆ ಅವನೂ. ಹಿಂದೆ ಬಾಗಿಲು ದಡಾರನೆ ಮುಚ್ಚಿ ಬೀಗ ಬಿತ್ತು.

ಹಿಮದಲ್ಲಿ ಬಿಷಪ್ ಗಡಗಡ ನಡುಗುತ್ತಿದ್ದ. ಅವನ ಒದ್ದೆ ಕೂದಲು ಹಿಮಗಟ್ಟುವುದನ್ನು ವರ್ಲಿನ್ ಕಂಡ. ಮಾರ್ಲಿಸ್‌ಗೆ ಏನು ಹೇಳುವುದು? ಬೇರೇನೂ ತೋಚದೆ ನಿಲುವಂಗಿ ಬಿಚ್ಚಿ ಬೆಕ್ಕನ್ನು ಬರಿಯೆದೆಗೆ ಅವಚಿಕೊಂಡ. ಬೆಕ್ಕು ಅವನ ಗಲ್ಲದಡಿ ಮೂತಿ ತೂರಿಸಿ ಗುರುಗುಟ್ಟಿತು. ಇವನು ಸೀನಿದ, ಮತ್ತೆ ಸೀನಿದ, ಆದರೂ ಬಿಡಲಿಲ್ಲ.

ಅಷ್ಟರಲ್ಲಿ ಮಾರ್ಲಿಸ್ ಓಡಿಸುವ ಹಳದಿ ಬಸ್ಸು ಮನೆ ಮುಂದೆ ಬಂದು ನಿಂತಿತು. ಕಿಟಕಿ ತುಂಬ ಮಕ್ಕಳು.

"ವರ್ಲಿನ್, ಏನಿದು ಅವತಾರ?"

"ಬಿಷಪ್ಪನಿಗೆ ಗಾಳಿ ತೋರಿಸ್ತಿದ್ದೆ."

"ಆ ಅಂಗಿ ಮುಚ್ಕೋ ಮೊದಲು. ಮಕ್ಕಳು ನೋಡ್ತಿದಾರೆ."

ಅವಳು ಎಸೆದ ಕೀಲಿಕೈ ನೆಟ್ಟಗೆ ಅವನ ಮೂಗಿಗೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಸಂಜೆ ಹೊತ್ತಿಗೆ ಅಲರ್ಜಿಯಿಂದ ವರ್ಲಿನ್ನನ ಮುಖ ಊದಿ ಕುಂಬಳಕಾಯಿಯಾಗಿತ್ತು. ಮಾರ್ಲಿಸ್ ಔಷಧ ಕೊಟ್ಟು ಪಕ್ಕದಲ್ಲಿ ಕೂತಳು. "ಸಾಕು ವರ್ಲಿನ್. ಇವನನ್ನ ಅಕ್ಕನ ಮನೆಗೆ ಬಿಡ್ತೀನಿ."

"ಬೇಡ," ಎಂದ ಕುಂಬಳಕಾಯಿ. "ಇವತ್ತು ನನ್ನ ಎದೆ ಮೇಲೆ ಗುರುಗುಟ್ಟಿದಾನೆ. ಇನ್ನು ಹೇಗೆ ಕಳಿಸೋದು? ಡಾಕ್ಟರಮ್ಮ ಹೇಳಿದ ಹಾಗೇ ಮಾಡೋಣ. ನಿಧಾನಕ್ಕೆ."

ಮಾರ್ಲಿಸ್ ಅವನ ಊದಿದ ಕೆನ್ನೆಗೆ ಮೆಲ್ಲಗೆ ಮುತ್ತಿಟ್ಟಳು.

ಹೊಸ ಆಹಾರ ಬಂತು, ಗಾಳಿ ಸೋಸುವ ಯಂತ್ರ ಗುಂಯ್‌ಗುಟ್ಟಿತು, ಮಲಗುವ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಊರಂಚಿನ ಸರೋವರದ ಮಂಜುಗಡ್ಡೆ ಒಡೆಯುವ ಕಾಲಕ್ಕೆ ಸೀನು ತಗ್ಗಿ, ಒಂದು ಭಾನುವಾರ ಪೂರಾ ನಿಂತುಹೋಯಿತು. ತೊಡೆಯ ಮೇಲೆ ಬಿಷಪ್, ಕೈಯಲ್ಲಿ ಕಾಫಿ. ವರ್ಲಿನ್ ಎದೆ ತುಂಬ ಉಸಿರೆಳೆದ.

"ಗೆದ್ದುಬಿಟ್ಟೆ, ಮಾರ್ಲಿಸ್. ಕಾಫಿ ಘಮ ಬರ್ತಿದೆ. ಬನ್ನಿನ ದಾಲ್ಚಿನ್ನಿ ಘಮ ಬರ್ತಿದೆ." ಇನ್ನೊಮ್ಮೆ ಉಸಿರೆಳೆದು ಮುಖ ಕಿವುಚಿದ. "ಇದೇನು ಗಬ್ಬುನಾತ?"

"ಬಿಷಪ್ಪನ ಕಕ್ಕಸಿನ ಮರಳಿನ ಪೆಟ್ಟಿಗೆ. ಮೊದಲಿಂದಲೂ ಅಲ್ಲೇ ಇದೆ," ಎಂದು ಮಾರ್ಲಿಸ್ ಅವನ ಕೈಗೆ ಅದನ್ನು ಬಳಿಯುವ ಸೌಟು ಕೊಟ್ಟಳು. "ನಿನಗೆ ಅಲರ್ಜಿ ಅಂತ ಇಷ್ಟು ದಿನ ನಾನೇ ಬಳಿದೆ. ಮೂಗು ವಾಸಿಯಾಯ್ತಲ್ಲ, ಇನ್ನು ನಿನ್ನದು."

ವರ್ಲಿನ್ ಮೂಗು ಅರಳಿಸಿದ, ಉಜ್ಜಿದ, ಬೆಕ್ಕಿನ ಹೊಟ್ಟೆಗೇ ತೂರಿಸಿ ನೋಡಿದ. ಒಂದೇ ಒಂದು ಸೀನೂ ಬರಲಿಲ್ಲ.