ಎಣ್ಣೆಯೊಳಗಿನ ಬೆಣ್ಣೆ

ಡೊಂಬಿವಲಿಯಲ್ಲಿ ಉಡುಪಿ ಹೊಟೇಲು ಇಟ್ಟುಕೊಂಡು, ಊರಿಗೆಲ್ಲ ಬಿಸಿಬಿಸಿ ಗೋಳಿಬಜೆ ತಿನ್ನಿಸಿ, ತಾನು ಮಾತ್ರ ಗಲ್ಲಾದಲ್ಲಿ ಕೂತು ಸಕ್ಕರೆಯಿಲ್ಲದ ಚಹಾ ಕುಡಿಯಬೇಕಾದವನ ಸಂಕಟ ವೈರಿಗೂ ಬೇಡ. ಮುರಾರಿರಾಯರಿಗೆ ಆ ಸಂಕಟ ಬಂದದ್ದು ದೀಪಾವಳಿ ಮುಗಿದ ಮೇಲೆ. ರಕ್ತಪರೀಕ್ಷೆ ನೋಡಿದ ಡಾಕ್ಟರು, "ಸಿಹಿ ಬಿಡಿ, ಕರಿದದ್ದು ಬಿಡಿ, ಬೆಳಿಗ್ಗೆ ಎದ್ದು ನಡೆಯಿರಿ" ಎಂದರು. ಹೇಳಿದ ಡಾಕ್ಟರು ಮರೆತರು. ಪಕ್ಕದಲ್ಲಿ ಕೂತು ಕೇಳಿದ ಹೆಂಡತಿ ಮುಕ್ತಾ ಮರೆಯಲಿಲ್ಲ. ಅಡುಗೆಭಟ್ಟನಿಂದ ಹಿಡಿದು ಲೋಟ ತೊಳೆಯುವವನವರೆಗೆ ಹೊಟೇಲಿನವರಿಗೆಲ್ಲ ಅವಳ ರಾಜಾಜ್ಞೆ ಹೋಯಿತು. ಅಂದಿನಿಂದ ರಾಯರು ತಮ್ಮದೇ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಬಾಣಲೆಗಳ ಮೇಲೆ ದಡದಡ ಮುಚ್ಚಳ ಬೀಳುತ್ತಿತ್ತು.

ತಿಂಡಿ ಹೋದದ್ದನ್ನು ಹೇಗೋ ಸಹಿಸಬಹುದಿತ್ತು. ನಡಿಗೆಯನ್ನು ಸಹಿಸುವುದು ಹೇಗೆ? ಅದೂ ಡಿಸೆಂಬರಿನ ಚಳಿಯಲ್ಲಿ! (ಡೊಂಬಿವಲಿಯ ಚಳಿ ಎಂದರೆ ಕಾಶ್ಮೀರದವರು ನಕ್ಕಾರು. ಆದರೆ ವರ್ಷವಿಡೀ ಬೆವರುವವರಿಗೆ ಫ್ಯಾನು ನಿಲ್ಲಿಸಿದ ದಿನವೇ ಹಿಮಪಾತ.) ಮಂಕಿ ಟೋಪಿ ಹಾಕಿಸಿ, ಮಫ್ಲರು ಸುತ್ತಿಸಿ, ಮುಕ್ತಾ ಅವರನ್ನು ದಿನಾ ನಸುಕಿಗೆ ಲಿಫ್ಟಿನೊಳಗೆ ನೂಕುತ್ತಿದ್ದಳು.

ಇಂಥ ದುರ್ದಿನಗಳಲ್ಲಿ ರಾಯರಿಗಿದ್ದ ಏಕೈಕ ಸುಖ ಅವರ ಬೂದು ಬಣ್ಣದ ಕಾರು. ಅದನ್ನು ಅವರು ಓಡಿಸುತ್ತಿದ್ದರು ಎನ್ನುವುದಕ್ಕಿಂತ ಸಾಕುತ್ತಿದ್ದರು ಎನ್ನಬೇಕು. ಮನೆಯಿಂದ ಹೊಟೇಲಿಗೆ, ಹೊಟೇಲಿನಿಂದ ಮನೆಗೆ. ಕುಕ್ಕರು ಎರಡು ಸೀಟಿ ಹಾಕುವಷ್ಟರಲ್ಲಿ ಮುಗಿಯುವ ದಾರಿ. ಮಗಳು ಸಂಜನಾಳ ಆಫೀಸು ಠಾಣೆ ಶಹರದ ಮಾಜಿವಾಡಾದಲ್ಲಿ. ಲೋಕಲ್ ಟ್ರೈನಿನಲ್ಲಿ ಜಜ್ಜಿಸಿಕೊಂಡು ಹೋಗುತ್ತಿದ್ದ ಅವಳು ಆಗಾಗ ಕಾರು ಕೇಳುತ್ತಿದ್ದಳು. "ಹೈವೇಯಲ್ಲಿ ಟ್ಯಾಂಕರುಗಳು ಓಡ್ತಾವೆ. ಗೀರು ಬಿದ್ರೆ?" ಎನ್ನುತ್ತಿದ್ದರು ರಾಯರು. ಗೀರು ಬೀಳುವುದು ಕಾರಿಗೋ ಮಗಳಿಗೋ ಎಂದು ಅವರು ಬಿಡಿಸಿ ಹೇಳಿದ್ದಿಲ್ಲ.

ಒಂದು ದಿನ ಅವರು ಬಾನೆಟ್ಟು ಎತ್ತಿ, ಇಂಜಿನ್ ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ತೆರೆದು ನೋಡಿದರೆ ಒಳಮೈಗೆಲ್ಲ ಬೆಳ್ಳಗೆ, ದಪ್ಪಗೆ ಏನೋ ಮೆತ್ತಿಕೊಂಡಿದೆ! ಆಗಷ್ಟೇ ಕಡೆದು ತೆಗೆದ ಬೆಣ್ಣೆಯಂತೆ. ರಾಯರು ಬೆರಳಲ್ಲಿ ಮುಟ್ಟಿದರು, ಮೂಸಿದರು. (ಹೊಟೇಲಿನವರ ಕೈ, ನಾಲಿಗೆಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು.) ಕೂಡಲೇ ಫೋಟೋ ತೆಗೆದು ಹೆಂಡತಿಯ ತಮ್ಮ ಸುದರ್ಶನನಿಗೆ ಕಳಿಸಿದರು. ರಬಾಳೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದ ಅವನು ಫೋನು ಮಾಡಿದ.

"ಹೆದರಬೇಡಿ ಭಾವ. ಅದು ನೀರು."

"ಎಣ್ಣೆಗೆ ನೀರು ಹಾಕಿದ್ದು ಯಾರು ಮಾರಾಯಾ?"

"ಯಾರೂ ಹಾಕ್ಲಿಲ್ಲ. ಇಂಜಿನ್ ಒಳಗೆ ಆವಿ ಇರ್ತದೆ. ಚಳಿಗೆ ತಣ್ಣಗಿನ ಲೋಹಕ್ಕೆ ತಾಗಿ ನೀರಾಗ್ತದೆ, ಎಣ್ಣೆಗೆ ಸೇರ್ತದೆ. ದೂರ ಓಡಿಸಿದ್ರೆ ಎಣ್ಣೆ ಸರಿಯಾಗಿ ಕಾದು ಆ ನೀರೆಲ್ಲ ಹಾರಿ ಹೋಗ್ತದೆ. ನೀವು ಅದು ಕಾಯುವ ಮೊದ್ಲೇ ಕೀ ತೆಗೀತೀರಿ."

"ಇಡ್ಲಿ ಬೇಯಿಸುವ ಪಾತ್ರೆಯ ಮುಚ್ಚಳದಲ್ಲಿ ನೀರು ನಿಲ್ತದಲ್ಲ, ಹಾಗೆ?"

"ಅದೇ. ದಿನಾ ಒಮ್ಮೆ ಮಾಜಿವಾಡಾದವರೆಗೆ ಹೋಗಿ ಬನ್ನಿ. ಎಣ್ಣೆ ಚೊಕ್ಕ ಆಗ್ತದೆ."

ಫೋನು ಇಟ್ಟ ರಾಯರ ತಲೆಯಲ್ಲಿ ದೀಪ ಹೊತ್ತಿತು. ರಾತ್ರಿ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡರು.

"ಮುಕ್ತಾ, ನಾಳೆಯಿಂದ ನನ್ನ ವಾಕಿಂಗ್ ಬಂದ್. ಕಾರಿಗೆ ಜಲೋದರ."

"ಎಂತದ್ದು?"

"ಹೊಟ್ಟೆಯಲ್ಲಿ ನೀರು ತುಂಬಿದೆ. ದಿನಾ ಬೆಳಿಗ್ಗೆ ಅದಕ್ಕೆ ವ್ಯಾಯಾಮ ಬೇಕಂತೆ. ನಿನ್ನ ತಮ್ಮನೇ ಹೇಳಿದ್ದು."

"ಹೊಟ್ಟೆ ತುಂಬಿದ್ದು ಯಾರದ್ದು ಅಂತ ಕಣ್ಣಿಗೆ ಕಾಣ್ತಾ ಉಂಟಲ್ಲ," ಎಂದು ಮುಕ್ತಾ ಅವರ ಬಟ್ಟಲಿಗೆ ಇನ್ನೊಂದು ಸೌಟು ಹಾಗಲಕಾಯಿ ಪಲ್ಯ ಹಾಕಿದಳು.

ಸಂಜನಾ ಕಣ್ಣರಳಿಸಿದಳು. "ಮಾಜಿವಾಡಾ? ತೋ ಮುಝೇ ಭೀ ಛೋಡ್ ದೋ ನಾ, ಪಪ್ಪಾ!" ತನ್ನನ್ನೂ ಆಫೀಸಿಗೆ ಬಿಡಿ ಎಂದು ಗೋಗರೆದಳು.

"ಆಗೂದಿಲ್ಲ. ಎಣ್ಣೆಗೆ ಬ್ರಾಹ್ಮೀ ಮುಹೂರ್ತವೇ ಆಗಬೇಕು. ನೀನು ಏಳುವುದು ಸೂರ್ಯ ನೆತ್ತಿಗೆ ಬಂದ ಮೇಲೆ."

ಮೊದಲ ದಿನ ರಾಯರು ನಿಜಕ್ಕೂ ಮಾಜಿವಾಡಾಕ್ಕೆ ಹೋದರು. ಶಿಳ್ ರಸ್ತೆಯ ಹೊಂಡ, ಮುಂಬ್ರಾ ಬೈಪಾಸಿನ ಟ್ರಕ್ಕುಗಳ ಸಾಲು, ಹಿಂದಿನವನ ಹಾರ್ನು, ಪಕ್ಕದವನ ಬೈಗುಳ. ಮನೆಗೆ ಬರುವಾಗ ಕಾರಿನ ನೀರು ಆರಿತ್ತೋ ಇಲ್ಲವೋ, ರಾಯರ ನೀರಂತೂ ಇಳಿದಿತ್ತು. ಎರಡನೆಯ ದಿನ, ಹೊರಟು ಇನ್ನೂ ಸೀಟು ಬಿಸಿಯಾಗಿರಲಿಲ್ಲ, ಮೂರನೆಯ ತಿರುವಿನ ಗಲ್ಲಿಯಿಂದ ಒಂದು ಪರಿಮಳ ಬಂತು. ಅಲ್ಲೊಬ್ಬ ಕೈಗಾಡಿಯಲ್ಲಿ ಜಿಲೇಬಿ ಸುತ್ತುತ್ತಿದ್ದ. ಪಕ್ಕದ ಬಾಣಲೆಯಲ್ಲಿ ಬಟಾಟಾ ವಡೆಗಳು ಅಭ್ಯಂಜನ ಮಾಡುತ್ತಿದ್ದವು. ಕಾರು ತಾನಾಗಿಯೇ ನಿಂತಿತು ಎಂದು ರಾಯರು ಇಂದಿಗೂ ಹೇಳುತ್ತಾರೆ.

ಮರುದಿನವೂ ಅದು ಅಲ್ಲೇ ನಿಂತಿತು. ಅದರ ಮರುದಿನವೂ. ರಾಯರು ಕಾರಿನ ಗಾಜು ಏರಿಸಿ, ಇಂಜಿನ್ ಆರಿಸಿ, ಒಳಗೆ ಕೂತು ಪರಮ ಶಾಂತಿಯಿಂದ ತಿನ್ನುವರು, ಪೇಪರು ಓದುವರು, ಮಾಜಿವಾಡಾಕ್ಕೆ ಹೋಗಿ ಬರುವಷ್ಟು ಹೊತ್ತು ಕಳೆದ ಮೇಲೆ ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆಗೆ ಬರುವರು.

"ಅಬ್ಬಾ, ಇವತ್ತು ಆ ಫ್ಲೈಓವರಿನ ಕೆಳಗೆ ಒಂದು ಟ್ರಕ್ಕು ಅಡ್ಡ ನಿಂತು ಸಾಕೋ ಸಾಕಾಯ್ತು!"

"ಪಾಪ, ದಣಿದಿರಬೇಕು," ಎನ್ನುವಳು ಮುಕ್ತಾ, ಬಹಳ ಮೆತ್ತಗೆ. ಆ ಮೆತ್ತಗಿನ ದನಿಗೆ ಹೆದರಬೇಕೆಂಬ ಬುದ್ಧಿ ಜಿಲೇಬಿ ತಿಂದವನಿಗೆ ಎಲ್ಲಿಂದ ಬರಬೇಕು?

ಹೀಗೆ ಡಿಸೆಂಬರು ಕಳೆದು ಜನವರಿಯಾಯಿತು. ಒಂದು ಭಾನುವಾರ ಸುದರ್ಶನ ಊಟಕ್ಕೆ ಬಂದ. ಪಾಯಸದ ಬಟ್ಟಲು ಕೆಳಗಿಟ್ಟವನೇ, "ಬನ್ನಿ ಭಾವ, ಕಾರು ನೋಡುವ" ಎಂದ. ರಾಯರು ಬೇಡವೆಂದರು, ಕೀ ಕಾಣುವುದಿಲ್ಲವೆಂದರು. ಮುಕ್ತಾ ಕೀಯನ್ನು ಸೆರಗಿನಿಂದ ಬಿಚ್ಚಿ ಕೊಟ್ಟಳು. ಎಲ್ಲರೂ ಕೆಳಗಿಳಿದರು.

ಸುದರ್ಶನ ಮುಚ್ಚಳ ತೆರೆದ. ಬೆಣ್ಣೆ ಈಗ ಹೆಪ್ಪುಗಟ್ಟಿತ್ತು. ಎಣ್ಣೆಯ ಅಳತೆ ಕಡ್ಡಿ ಎಳೆದರೆ ಅದರ ತುದಿಯಲ್ಲೂ ಹಾಲು ಹೆಚ್ಚಾದ ಕಾಫಿಯ ಬಣ್ಣ.

"ದಿನಾ ಮಾಜಿವಾಡಾಕ್ಕೆ ಹೋಗ್ತೀರಲ್ಲ ಭಾವ?"

"ತಪ್ಪದೆ."

ಸುದರ್ಶನ ಮುಖ ಸಣ್ಣ ಮಾಡಿದ. "ಹಾಗಾದ್ರೆ ಇದು ಚಳಿಯ ನೀರಲ್ಲ. ಅಷ್ಟು ಓಡಿದ್ರೆ ಅದು ಉಳಿಯೂದೇ ಇಲ್ಲ. ಒಳಗೆ ಗ್ಯಾಸ್ಕೆಟ್ ಒಡೆದು, ಇಂಜಿನ್ ತಣಿಸುವ ಕೂಲಂಟ್ ನೀರೇ ಎಣ್ಣೆಗೆ ಇಳೀತಾ ಉಂಟು. ಇಂಜಿನ್ ಬಿಚ್ಚಿಸಬೇಕು."

"ಬಿಚ್ಚಿಸೂದು ಅಂದ್ರೆ?"

"ಪೂರ್ತಿ. ಅಂಬರನಾಥದಲ್ಲಿ ನನ್ನ ಗುರುತಿನ ಗ್ಯಾರೇಜ್ ಉಂಟು. ನಾಳೆಯೇ ಎಳೆದುಕೊಂಡು ಹೋಗ್ಲಿ."

ರಾಯರ ಕಣ್ಣ ಮುಂದೆ ತಮ್ಮ ಮುದ್ದಿನ ಕಾರು ಚಾಪೆಯ ಮೇಲೆ ನಟ್ಟು-ಬೋಲ್ಟುಗಳಾಗಿ ಹರಡಿಕೊಂಡಿತು. ಒಂದು ಕಡೆ ಕಾರಿನ ಹೊಟ್ಟೆ, ಇನ್ನೊಂದು ಕಡೆ ತಮ್ಮ ಹೊಟ್ಟೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರು.

"ಸುದರ್ಶನ, ಮಾಜಿವಾಡಾ ಅಂದ್ರೆ... ಸರೀ ಮಾಜಿವಾಡಾ ಅಲ್ಲ. ಸ್ವಲ್ಪ ಈಚೆ."

"ಖಾರೇಗಾಂವ್?"

"ಇನ್ನೂ ಸ್ವಲ್ಪ ಈಚೆ."

"ಮುಂಬ್ರಾ?"

"ಮುಂಬ್ರಾದಲ್ಲಿ ಟ್ರಾಫಿಕ್ ಉಂಟಲ್ಲ, ಹಾಗಾಗಿ..."

"ಶಿಳ್ ಫಾಟಾ?"

ರಾಯರು ಚಪ್ಪಲಿ ನೋಡಿದರು.

"ಡೊಂಬಿವಲಿಯನ್ನು ದಾಟಿದ್ದಾದ್ರೂ ಉಂಟಾ ಭಾವ?"

"ಮೊದಲ ದಿನ ದಾಟಿದ್ದೆ," ಎಂದರು ರಾಯರು ಕಂಬನಿ ತುಂಬಿ.

"ಪಪ್ಪಾ!" ಎಂದು ಕಿರುಚಿದಳು ಸಂಜನಾ.

ಮೂರನೆಯ ತಿರುವು, ಗಲ್ಲಿ, ಜಿಲೇಬಿ, ವಡೆ ಎಲ್ಲ ಹೊರಬಂದವು. ಹೇಳಿ ಮುಗಿಸಿ ರಾಯರು ತಲೆ ಎತ್ತಿದರೆ ಸುದರ್ಶನ ಕಂಬಕ್ಕೆ ಒರಗಿ ನಗುತ್ತಿದ್ದ.

"ಗ್ಯಾಸ್ಕೆಟ್ಟಿಗೆ ಎಂತದೂ ಆಗ್ಲಿಲ್ಲ ಭಾವ. ಕೂಲಂಟ್ ತುಂಬಿಸಿದಷ್ಟೇ ಉಂಟು, ನೋಡಿ. ಅಕ್ಕ ಹೀಗೆ ಹೇಳು ಅಂದ್ಳು, ಹೇಳಿದೆ. ಎಣ್ಣೆ ಬದಲಿಸಿ ದೂರ ಓಡಿಸಿದ್ರೆ ಸಾಕು."

"ನಿನಗೆ ಗೊತ್ತಿತ್ತಾ?" ಎಂದು ರಾಯರು ಹೆಂಡತಿಯತ್ತ ತಿರುಗಿದರು. "ಹೇಗೆ?"

"ಎಣ್ಣೆಯೇ ಹೇಳಿತು ಅಂತ ತಿಳ್ಕೊಳ್ಳಿ," ಎಂದಳು ಮುಕ್ತಾ. ಕೀಯನ್ನು ಸುದರ್ಶನನ ಕೈಯಿಂದ ತೆಗೆದು ಮಗಳ ಕೈಯಲ್ಲಿಟ್ಟಳು. "ಕಾರಿಗೆ ದಿನಾ ಮಾಜಿವಾಡಾ ಬೇಕು. ಇವಳಿಗೂ ದಿನಾ ಮಾಜಿವಾಡಾ ಬೇಕು. ಇಬ್ಬರೂ ಒಟ್ಟಿಗೆ ಹೋಗ್ಲಿ."

"ನಾನು ಹೊಟೇಲಿಗೆ?"

"ದೇವರು ಕಾಲು ಕೊಟ್ಟಿದ್ದು ಎಂತಕ್ಕೆ? ನಾನೂ ಜೊತೆಗೆ ಬರ್ತೇನೆ."

ಮುಂದಿನ ಭಾನುವಾರ ಸಂಜನಾ ತೆರೆದು ತೋರಿಸಿದ ಮುಚ್ಚಳ ಕನ್ನಡಿಯ ಹಾಗಿತ್ತು. ಕಾರಿನ ಮೇಲೆ ಒಂದು ಗೀರೂ ಇರಲಿಲ್ಲ. (ಇದ್ದಿದ್ದರೆ ರಾಯರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.)

ಮರುದಿನ ಬೆಳಿಗ್ಗೆ ರಸ್ತೆ ಅಗೆದಿದ್ದರಿಂದ ಗಂಡಹೆಂಡಿರು ಬಳಸುದಾರಿ ಹಿಡಿಯಬೇಕಾಯಿತು, ಆ ಗಲ್ಲಿಯೊಳಗಿಂದಲೇ. ಜಿಲೇಬಿಯವನು ಎದುರಿಗೇ ಇದ್ದ. ಎಲ್ಲಿ ಹಲ್ಲು ಕಿರಿದು ಮಾತಾಡಿಸುತ್ತಾನೋ ಎಂದು ರಾಯರು ಮಂಕಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡರು. ಅವನು ಅವರತ್ತ ನೋಡಲೇ ಇಲ್ಲ.

"ಯಾ ವಹಿನೀ, ಯಾ! ಆಜ್ ಸಕಾಳೀಚ್?" ಎಂದ. ಬನ್ನಿ ಅತ್ತಿಗೆ, ಇವತ್ತು ಬೆಳಿಗ್ಗೆಯೇ ಬಂದಿರಲ್ಲ ಎಂದು ಮುಕ್ತಾಳಿಗೆ ಸ್ವಾಗತ! "ರೋಜ್ ಸಂಧ್ಯಾಕಾಳೀ ಯೇತಾ ನಾ!"

ರಾಯರು ನಿಂತಲ್ಲೇ ನಿಂತರು. "ದಿನಾ ಸಂಜೆಗೆ? ನೀನು?"

"ಹೂಂ. ಬೂದು ಕಾರಿನ ಶೇಟ್ ಒಬ್ಬರು ದಿನಾ ಬೆಳಿಗ್ಗೆ ಗಾಜು ಏರಿಸಿ ಎರಡೆರಡು ಪ್ಲೇಟು ಹೊಡೀತಾರೆ, ಅವರ ಮಾತೂ ನಿಮ್ಮ ಹಾಗೇ ವಹಿನೀ, ಅಂತ ಇವನೇ ನನಗೆ ಹೇಳಿದ್ದು."

"ಹಾಗಾದ್ರೆ ನೀನೂ ತಿಂತೀ!"

"ನನಗೆ ಶುಗರ್ ಇಲ್ಲ," ಎಂದಳು ಮುಕ್ತಾ. ಬಿಸಿ ಜಿಲೇಬಿ ಕಟ್ಟಿಸಿ, ಪೊಟ್ಟಣವನ್ನು ಗಂಡನ ಕೈಗೆ ಕೊಟ್ಟು, ಮುಂದೆ ನಡೆದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿಯೂ ನೋಡದೆ ಹೇಳಿದಳು:

"ಮೂಗಿನ ಹತ್ರ ತರಬೇಡಿ."