ಕಾರ್ಡಿನೊಳಗೆ ಹೋಗದ ಮದುವೆ

ಯಾವ ವಸ್ತುವನ್ನಾದರೂ ಕೈಯಲ್ಲಿ ಎತ್ತಿ ತೂಗಿ ನೋಡದೆ ಕೊಳ್ಳಬೇಡಿ ಎಂದು ಸಿಕ್ಕಿದವರಿಗೆಲ್ಲ ಹೇಳುವವನು ನಾನು. ಬಂಗಾರಪೇಟೆಯಲ್ಲಿ ಗುಜರಿ ಅಂಗಡಿ ಇಟ್ಟು ಮೇಲೆ ಬಂದವನಿಗೆ ಅಷ್ಟು ಹೇಳುವ ಹಕ್ಕಾದರೂ ಇರಬೇಕಲ್ಲ. ಆದರೆ ಈ ಫೋಟೋ ಎಂಬ ಮಾಲಿನ ತೂಕ ಮಾತ್ರ ನನ್ನ ತಲೆಗೆ ಇಂದಿಗೂ ಹತ್ತಿಲ್ಲ. ಮಗಳ ಮದುವೆಯ ಫೋಟೋಗಳೆಲ್ಲ ನಮ್ಮ ಕಂಪ್ಯೂಟರಿನಲ್ಲಿದ್ದವು. ಕಾಮಸಮುದ್ರದಲ್ಲಿರುವ ನಮ್ಮಕ್ಕನ ಅತ್ತೆ ಸೊಂಟ ಮುರಿದುಕೊಂಡು ಮದುವೆಗೆ ಬರಲಾಗಿರಲಿಲ್ಲ. ನನ್ನ ಮಗಳನ್ನು ಎತ್ತಿ ಆಡಿಸಿದ ಜೀವ. ಫೋನಿನಲ್ಲಿ ತೋರಿಸಿದರೆ ಇರುವೆ ಸಾಲಿನಂತೆ ಕಾಣುತ್ತದಂತೆ. ಟಿವಿಯಲ್ಲಾದರೆ ಕಣ್ತುಂಬ ನೋಡಿಯೇನು ಎಂದು ಕಾಯುತ್ತಿದ್ದರು.

ಊರಿಗಾಂನ ಮೊಬೈಲ್ ಅಂಗಡಿಯಲ್ಲಿ ಗಂಟಲು ಒಣಗುವವರೆಗೆ ಚೌಕಾಸಿ ಮಾಡಿ, ಇದ್ದುದರಲ್ಲೇ ಚಿಕ್ಕ ಮೆಮೊರಿ ಕಾರ್ಡು ತಂದೆ. ಅದನ್ನು ಟಿವಿಗೆ ಸಿಕ್ಕಿಸುವ ರೀಡರನ್ನು ಬಿಟ್ಟಿಯಾಗಿ ಕಿತ್ತುಕೊಂಡೆ. "ಇಷ್ಟರಲ್ಲಿ ಮದ್ವೆ ಹಿಡಿಯಲ್ಲ ಅಣ್ಣಾ" ಎಂದ ಅಂಗಡಿಯವನು. ದೊಡ್ಡದನ್ನು ತಲೆಗೆ ಕಟ್ಟಲು ಎಲ್ಲರೂ ಹೇಳುವ ಮಾತು. ಮನೆಗೆ ಬಂದು, ಕಂಪ್ಯೂಟರಿನ ಪರದೆಯ ಮೇಲಿದ್ದ 'ಮದುವೆ' ಎಂಬ ಫೋಲ್ಡರನ್ನು ಕಾಪಿ ಮಾಡಿ ಕಾರ್ಡಿಗೆ ಹಾಕಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು! ಕಾರ್ಡಿನಲ್ಲಿ ಜಾಗವೋ ಜಾಗ. ಛತ್ರ, ಬೀಗರು, ವಾಲಗ ಎಲ್ಲ ಅದೆಲ್ಲಿ ಮುದುಡಿ ಕುಳಿತವು? ಕುತೂಹಲಕ್ಕೆ ನನ್ನ ಗುಜರಿ ತಕ್ಕಡಿಯಲ್ಲೂ ಇಟ್ಟು ನೋಡಿದೆ, ಮುಳ್ಳು ಅಲುಗಲಿಲ್ಲ. ಕಂಪ್ಯೂಟರಿನಲ್ಲೇ ಕಾರ್ಡು ತೆರೆದರೆ ಫೋಟೋಗಳು ಒಂದೂ ತಪ್ಪದೆ ಬಂದವು. ಅಂಗಡಿಯವನನ್ನು ಗೆದ್ದ ಖುಷಿಯಲ್ಲಿ ಕಾಮಸಮುದ್ರಕ್ಕೆ ಹೊರಟಿದ್ದವರ ಕೈಲಿ ಕೊಟ್ಟು ಕಳಿಸಿದೆ.

ಸಂಜೆ ಅಕ್ಕನ ಫೋನು. "ಏನ್ಲಾ ಕಳ್ಸಿದ್ದೀಯ? ಟಿವಿ ಏನೂ ಇಲ್ಲ ಅಂತೈತೆ. ಅತ್ತೆ ಆಗ್ಲಿಂದ ಕನ್ನಡಕ ಒರೆಸ್ಕೊಂಡು ಕುಂತವ್ರೆ."

"ನಿಮ್ ಟಿವಿ ಹಳೇದಾಯ್ತಕ್ಕ. ನನ್ ಗುಜರಿಗೇ ಹಾಕ್ಬಿಡು, ಒಳ್ಳೇ ರೇಟು ಕೊಡ್ತೀನಿ."

"ಮೊನ್ನೆ ತಂದಿದ್ದು ಕಣ್ಲಾ! ಬಾಯಿ ಮುಚ್ಕೊಂಡು ಫೋಟೋ ಕಳ್ಸು."

ವಾಪಸು ಬಂದ ಕಾರ್ಡು ಹಿಡಿದು ಅಂಗಡಿಯವನ ಜೊತೆ ಜಗಳಕ್ಕೆ ಹೋದೆ. ಅವನು ತನ್ನ ಕಂಪ್ಯೂಟರಿಗೆ ಹಾಕಿ, ನೋಡಿ, ನಕ್ಕ. "ಫೋಲ್ಡರ್ ಮೂಲೇಲಿ ಬಾಣ ಐತಲ್ಲ ಅಣ್ಣಾ, ಇದು ಫೋಟೋ ಅಲ್ಲ. ಫೋಟೋ ಎಲ್ಲೈತೆ ಅಂತ ತೋರ್ಸೋ ಬೋರ್ಡು. ನಿಮ್ಮನೆ ಕಂಪ್ಯೂಟರಲ್ಲಿ ಮಾತ್ರ ಕೆಲ್ಸ ಮಾಡ್ತದೆ. ಊರಿನ ಬೋರ್ಡು ಕಿತ್ತು ಬಸ್ಸಿಗೆ ಹಾಕಿದ್ರೆ ಊರೇ ಓಗ್ತದಾ?"

ಮನೆಗೆ ಬಂದು ನಿಜವಾದ ಫೋಟೋಗಳನ್ನು ಸುರಿದರೆ ಅರ್ಧಕ್ಕೇ ಕಾರ್ಡು ತುಂಬಿತು. ದೊಡ್ಡದು ಕೊಳ್ಳಲು ಮನಸ್ಸು ಒಪ್ಪಬೇಕಲ್ಲ! ಕೂತು ಆರಿಸಿದೆ. ಗುಜರಿಯವನಿಗೆ ಮಾಲು ಬೇರ್ಪಡಿಸುವುದು ಕಷ್ಟವೇ? ಬಾಯಿ ತೆರೆದು ಉಣ್ಣುವವರನ್ನು ನೋಡುವುದೇನಿದೆ ಎಂದು ಪಂಕ್ತಿಯ ಫೋಟೋಗಳಷ್ಟನ್ನೂ ಬಿಟ್ಟೆ.

ಈ ಸಲ ಅತ್ತೆ ಕಣ್ಣು ಕೀಳದೆ ನೋಡಿದರಂತೆ. ಧಾರೆಯ ಹೊತ್ತಿಗೆ ಅಕ್ಕಿ ತರಿಸಿ ಟಿವಿಯ ಮೇಲೇ ಅಕ್ಷತೆ ಹಾಕಿದರಂತೆ. ಆಮೇಲೆ ಫೋನು ಇಸಿದುಕೊಂಡು ನನಗೇ ಹೇಳಿದರು: "ಎಲ್ಲಾ ಸೆಂದಾಗೈತೆ ಕಣಪ್ಪ. ಬಂದೋರ್ಗೆ ಊಟ ಯಾಕೆ ಆಕ್ಸಲಿಲ್ಲ?"

ಅಕ್ಕ ಹಿಂದಿನಿಂದ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಮದುವೆಯಲ್ಲಿ ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡವಳು, "ಆಕ್ಸಿದ್ದ" ಎಂದು ಒಂದು ಮಾತೂ ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಊರಿಗಾಂಗೆ ಓಡಿ ದೊಡ್ಡ ಕಾರ್ಡು ತಂದೆ. ಚೌಕಾಸಿ ಮಾಡಲೇ ಇಲ್ಲವಲ್ಲ ಎಂದು ಹೊಳೆದದ್ದು ಪಾಯಸದ ಫೋಟೋಗಳನ್ನು ಕಾಪಿ ಮಾಡುವಾಗ.