ಬಣ್ಣ ಬಿಟ್ಟ ಹಕ್ಕಿ

ಎಲ್ಲಕ್ಕೂ ಕಾರಣ ಒಂದು ಒದ್ದೆ ಬಟ್ಟೆ.

ಎದುರಿನ ಔಷಧಿ ಅಂಗಡಿಯಾಕೆ ಅಂದು ಬೆಳಿಗ್ಗೆ ಮೊದಲ ಸಲ ರಸ್ತೆ ದಾಟಿ ಬಂದು, ಚಿತ್ರಗಳಿಗೆ ಕಟ್ಟು ಹಾಕುವ ಗಾಜಪ್ಪನ ಮೇಜಿನ ಮೇಲೆ ಒಂದು ನೀಲಿ ಹಕ್ಕಿಯ ಚಿತ್ರ ಇಟ್ಟಳು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಅಚ್ಚೊತ್ತಿ, ಮೇಲೆ ಕೈಯಿಂದ ಬಣ್ಣ ತುಂಬಿದ ಹಿಂದಿನ ಕಾಲದ ಚಿತ್ರ.

"ಅಂಗಡೀಲಿ ಗಿರಾಕಿ ಕಾಯ್ತಿದಾರೆ. ಇದಕ್ಕೇನು ಮಾಡ್ಬೇಕು ಅಂತ ಸಂಜೆ ಬಂದು ಕೂತು ಹೇಳ್ತೀನಿ," ಎಂದು ಹೊರಟಳು.

ಗಾಜಪ್ಪನ ಮನಸ್ಸಿನಲ್ಲಿ ಉಳಿದದ್ದು ಅವಳು ಬಂದು ಕೂರುತ್ತಾಳೆ ಎಂಬುದೊಂದೇ. ಅವಳನ್ನು ಕಾಣುವ ಆಸೆಯಿಂದ, ಇಲ್ಲದ ಕೆಮ್ಮಿಗೆ ಔಷಧಿ ಕೊಂಡು ಕೊಂಡು ಅವನ ಒಂಟಿ ಮನೆಯ ಕಪಾಟು ತುಂಬಿಹೋಗಿತ್ತು. ಸ್ಟೂಲು ಒರೆಸಿದ, ಮೇಜು ಒರೆಸಿದ. ಅದೇ ಭರದಲ್ಲಿ ಚಿತ್ರದ ಒಡಕು ಗಾಜು ತೆಗೆದು, ಧೂಳು ಹೋಗಲೆಂದು ಹಕ್ಕಿಯ ಬೆನ್ನನ್ನೂ ಒರೆಸಿಬಿಟ್ಟ. ನೀಲಿಯೆಲ್ಲ ಬಟ್ಟೆಗೆ ಬಂತು.

ಪಕ್ಕದ ಅಂಗಡಿಯ ಟೈಲರ್ ಹೊಲಿಗೆ ಬಿಟ್ಟು ಓಡಿಬಂದ. ಬೇರೆಯವರ ಫಜೀತಿ ಎಂದರೆ ಅವನಿಗೆ ಊಟ ತಿಂಡಿ ಬೇಡ.

"ಅರ್ಧ ಹೋದ್ರೆ ತಾನೆ ಕಾಣೋದು? ಪೂರ್ತಿ ತೆಗೆದು ಹೊಸದಾಗಿ ಬಳಿ. ಪ್ಯಾಂಟಿನ ಒಂದು ಕಾಲು ಗಿಡ್ಡ ಆದ್ರೆ ನಾನು ಇನ್ನೊಂದನ್ನೂ ಅಷ್ಟೇ ಕತ್ತರಿಸ್ತೀನಿ. ಇವತ್ತಿನವರೆಗೆ ಯಾರೂ ಕೇಳಿಲ್ಲ."

ಬೇರೆ ದಾರಿ ಕಾಣದೆ ಗಾಜಪ್ಪ ಒರೆಸುತ್ತ ಹೋದ. ಅಡಿಯಲ್ಲಿದ್ದ ಕಪ್ಪು ಗೆರೆಗಳು ಎದ್ದುಬಂದವು. ಕತ್ತಿನ ಬಳಿ ಕೂದಲಿಗಿಂತ ಸಣ್ಣ ಗೆರೆ, ರೆಕ್ಕೆಯಲ್ಲಿ ಒಂದೊಂದು ಗರಿಯೂ ಬೇರೆ ಬೇರೆ. ಹಕ್ಕಿ ಕತ್ತು ತಿರುಗಿಸಿ, ಇನ್ನೂ ಬಾರದ ಯಾರನ್ನೋ ಕಾಯುವಂತೆ ನೋಡುತ್ತಿತ್ತು. ಆ ಕಾಯುವಿಕೆ ಗಾಜಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

"ಹೀಗೇ ಬಿಡೋಣ್ವಾ ಅಣ್ಣ?"

"ತಲೆ ಕೆಟ್ಟಿದ್ಯಾ? ಹಕ್ಕಿ ಕೊಟ್ಟವರಿಗೆ ಅಸ್ಥಿಪಂಜರ ಕೊಡ್ತೀಯಾ?"

ಟೈಲರ್ ಫೋನು ಮಾಡಿ ಬೋರ್ಡ್ ಬರೆಯುವವನನ್ನು ಕರೆಸಿಯೇಬಿಟ್ಟ. ಅವನು ಡಬ್ಬಿಗಳ ಸಮೇತ ಬಂದ.

"ನೀಲಿ ಒಂದು ಗೇಟಿಗೆ ಮುಗಿದುಹೋಯ್ತು. ಹಸಿರಿದೆ. ಎಣ್ಣೆ ಬಣ್ಣ, ಜಪ್ಪಯ್ಯ ಅಂದ್ರೂ ಹೋಗಲ್ಲ."

"ಕಣ್ಣನ್ನಾದ್ರೂ ಬಿಡಿ," ಎಂದು ಗಾಜಪ್ಪ ಅಂಗಲಾಚಿದ. ಅವರಿಬ್ಬರೂ ಸೇರಿ ಮೈಗೆಲ್ಲ ಹಸಿರು ಬಳಿದು, ಕಣ್ಣಿಗೂ ದುಂಡಗೆ ಹಳದಿ ಬಳಿದರು.

ಸಂಜೆ ಅವಳು ಬಂದು ಕೂತಳು. ಹೊಸ ಗೇಟಿನಂತೆ ಹೊಳೆಯುತ್ತಿದ್ದ ಹಕ್ಕಿಯನ್ನು ನೋಡಿ, "ಇದು ಯಾರದು? ನನ್ನದೆಲ್ಲಿ?" ಎಂದಳು.

"ಇದೇ," ಎಂದ ಗಾಜಪ್ಪ, ನೆಲ ನೋಡುತ್ತ.

ಅವಳು ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇದನ್ನ ಕೊರೆದದ್ದು ನಮ್ಮ ಮುತ್ತಜ್ಜಿ. ಮಾರೋರು ಯಾರ ಕೈಲೋ ಬಣ್ಣ ಬಳಿಸಿಬಿಟ್ರಂತೆ. ಅಜ್ಜಿ ಎಳೆದ ಗೆರೆ ಒಂದ್ಸಲ ಕಣ್ತುಂಬ ನೋಡ್ಬೇಕು ಅಂತ ಅಮ್ಮ ಆಸೆಪಟ್ಟುಕೊಂಡೇ ಹೋಗಿಬಿಟ್ರು. ನನಗೂ ಅದೇ ಆಸೆ. ಬಣ್ಣ ತೊಳೆದುಕೊಡ್ತೀರಾ ಅಂತ ಕೇಳೋಣ ಅಂತಿದ್ದೆ."

ಗಾಜಪ್ಪ ತಲೆ ಎತ್ತಿದ. "ಬಣ್ಣ ಹೋದಾಗ... ನಾನು ನೋಡಿದೆ."

ಅವಳು ಮುಂದಕ್ಕೆ ಬಾಗಿದಳು. "ಹೇಗಿತ್ತು?"

ಅಷ್ಟು ಹತ್ತಿರದಿಂದ ಅವಳು ಅವನನ್ನು ಎಂದೂ ನೋಡಿರಲಿಲ್ಲ. ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಟೈಲರ್ ಬಾಯಿ ಹಾಕಿದ.

"ಏನಿತ್ತಮ್ಮ ಅದರಲ್ಲಿ, ಬರೀ ಗೀಚು. ನಾವು ಮೂರು ಜನ ಸೇರಿ ಮನುಷ್ಯರು ನೋಡೋ ಹಾಗೆ ಮಾಡಿದ್ವಿ."

ಅವಳು ಎದ್ದಳು. ಚಿತ್ರವನ್ನು ಎದೆಗವಚಿಕೊಂಡು, ಇನ್ನೂ ಆರದ ಹಸಿರು ಬಟ್ಟೆಗೆ ಹತ್ತುತ್ತಿದ್ದರೂ ಲೆಕ್ಕಿಸದೆ ನಡೆದಳು. ಅವಳು ರಸ್ತೆ ದಾಟಿ ಒಳಗೆ ಹೋದ ಮೇಲೆ ಗಾಜಪ್ಪನಿಗೆ ಮಾತು ಬಂತು.

"ತುಂಬಾ ಚೆನ್ನಾಗಿತ್ತು," ಎಂದ, ಆ ಖಾಲಿ ರಸ್ತೆಗೆ.

"ಮತ್ತೆ?" ಎಂದ ಟೈಲರ್, ಕೈಗೆ ಹತ್ತಿದ ಹಸಿರು ಒರೆಸಿಕೊಳ್ಳುತ್ತ. "ಒಂದು ಥ್ಯಾಂಕ್ಸ್ ಆದ್ರೂ ಹೇಳಿ ಹೋಗಬಹುದಿತ್ತು ನೋಡು."